ನೆರೆಹೊರೆ ಸಾಕೇ, ಸಹಪಾಠಿ ಬೇಕೇ?

ಹಿಂದೂ ಮುಸ್ಲಿಂ ಸಂಬಂಧದ ಮಾತು ಬಂದಾಗಲೆಲ್ಲ ಶಹಾಬಾದ, ವಾಡಿ, ಚಿತ್ತಾಪುರ, ಸೇಡಂ, ಚಿಂಚೋಳಿ ಸೀಮೆಯವರ ಬಾಯಲ್ಲಿ ಸಿದ್ಧವಾಗಿರುವ ಉತ್ತರವೊಂದಿದೆ: ನಮಗ್ಯಾಕ್ರೀ ಈ ಪಾಠ, ನಾವು ಹಿಂದಿನಿಂದಲೂ ಕೂಡೇ ಅದೀವಿ. ಉತ್ತರ ಸುಳ್ಳಲ್ಲ. 2011ರ ಜನಗಣತಿಯ ಪ್ರಕಾರ ರಾಜ್ಯದಲ್ಲಿ ಮುಸ್ಲಿಮರು ಶೇ. 13ರ ಸಮೀಪ ಇದ್ದರೆ ನಮ್ಮ ಕಲಬುರಗಿ ಜಿಲ್ಲೆಯಲ್ಲಿ ಸುಮಾರು ಶೇ. 20, ಅಂದರೆ ಐವರಲ್ಲಿ ಒಬ್ಬರು. ಫರಸಿ ಖಣಿಯಲ್ಲಿ, ತೊಗರಿ ಅಡತಿಯಲ್ಲಿ, ಸಿಮೆಂಟು ಕಾರ್ಖಾನೆಯ ಗೇಟಿನಲ್ಲಿ, ವಾಡಿ ಜಂಕ್ಷನ್ನಿನಲ್ಲಿ ಅವರನ್ನು ಕಾಣದೆ ಒಂದು ದಿನ ಕಳೆಯುವುದೂ ಇಲ್ಲಿ ಕಷ್ಟ. ದಿನವೂ ಕಾಣುವುದರಿಂದಲೇ ಒಬ್ಬರನ್ನೊಬ್ಬರು ಅರಿಯುವಂತಿದ್ದರೆ ಮುಸ್ಲಿಮರ ಬಗೆಗಿನ ಕೇಳಿಕೆಯ ಮಾತುಗಳು ನಮ್ಮಲ್ಲಿ ಎಂದೋ ಬೆಲೆ ಕಳೆದುಕೊಳ್ಳಬೇಕಿತ್ತು. ಹಾಗಾಗಿಲ್ಲ ಎಂಬುದನ್ನು ಒಪ್ಪಲು ಯಾವ ಸಮೀಕ್ಷೆಯೂ ಬೇಕಿಲ್ಲ, ಚಹಾದಂಗಡಿಯ ಮಾತು ಕೇಳಿದರೆ ಸಾಕು. ಇದು ಯಾಕೆ ಹೀಗೆ ಎಂಬುದು ಇಂದಿನ ನನ್ನ ಪ್ರಶ್ನೆ. ನನ್ನ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ನಮ್ಮ ನೋಟ ಬದಲಾಗುವುದು ಎಷ್ಟು ಪರಿಚಯವಿದೆ ಎನ್ನುವುದಕ್ಕಿಂತ ಯಾವ ಬಗೆಯ ಪರಿಚಯ ಎನ್ನುವುದರ ಮೇಲೆ ನಿಂತಿದೆ. ಆ ಬಗೆಯ ಪರಿಚಯ ನಮ್ಮ ಊರುಗಳಲ್ಲಿ ಹೆಚ್ಚುಕಡಿಮೆ ತರಗತಿಯೊಂದರಲ್ಲೇ ಸಾಧ್ಯ. ಅಂಥ ತರಗತಿಯನ್ನು ನಾವು ಗದ್ದಲವಿಲ್ಲದೆ ಕಳೆದುಕೊಳ್ಳುತ್ತಿದ್ದೇವೆ.

ಈ ವಿಚಾರಕ್ಕೆ ಶಾಸ್ತ್ರದ ಆಧಾರವಿದೆ. ಅಮೆರಿಕದ ಮನೋವಿಜ್ಞಾನಿ ಗಾರ್ಡನ್ ಆಲ್‌ಪೋರ್ಟ್ ಪೂರ್ವಗ್ರಹದ ಸ್ವರೂಪ ಕುರಿತ ತಮ್ಮ ಗ್ರಂಥವನ್ನು ಪ್ರಕಟಿಸಿದ್ದು 1954ರಲ್ಲಿ. ಬಿಳಿಯರಿಗೂ ಕರಿಯರಿಗೂ ಬೇರೆ ಬೇರೆ ಶಾಲೆ ಸಲ್ಲದು ಎಂದು ಅಲ್ಲಿನ ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತದ್ದೂ ಅದೇ ವರ್ಷ. ಎರಡು ಗುಂಪಿನವರು ಹತ್ತಿರ ಬಂದರೆ ಸಾಕು, ಮನಸ್ಸು ತಿಳಿಯಾಗುತ್ತದೆ ಎಂದು ಆಲ್‌ಪೋರ್ಟ್ ಹೇಳಿದರೆಂದು ಎಷ್ಟೋ ಕಡೆ ಬರೆಯುತ್ತಾರೆ. ಅವರು ಅಷ್ಟು ಸರಳವಾಗಿ ಹೇಳಿಲ್ಲ. ಇಬ್ಬರೂ ಸಮಾನ ದರ್ಜೆಯಲ್ಲಿ ನಿಂತಿರಬೇಕು, ಗುರಿ ಒಂದೇ ಆಗಿರಬೇಕು, ಅದನ್ನು ಮುಟ್ಟಲು ಒಬ್ಬರಿಗೊಬ್ಬರು ಬೇಕಾಗಬೇಕು, ಮೇಲಿನವರ ಮತ್ತು ಕಾನೂನಿನ ಬೆಂಬಲವೂ ಇರಬೇಕು. ಇವಿಲ್ಲದ ಒಡನಾಟ ಹಳೆಯ ಅನುಮಾನವನ್ನು ಗಟ್ಟಿ ಮಾಡಲೂಬಹುದು ಎಂಬ ಎಚ್ಚರ ಅವರಿಗಿತ್ತು. 2006ರಲ್ಲಿ ಪೆಟಿಗ್ರೂ ಮತ್ತು ಟ್ರಾಪ್ ಎಂಬ ವಿದ್ವಾಂಸರು ಇಂಥ 515 ಅಧ್ಯಯನಗಳನ್ನು ಒಟ್ಟಿಗಿಟ್ಟು ತೂಗಿದರು. ಅವುಗಳ ಮಾದರಿಗಳಲ್ಲಿ ಶೇ. 94ರಷ್ಟರಲ್ಲಿ ಒಡನಾಟ ಹೆಚ್ಚಿದಂತೆ ಪೂರ್ವಗ್ರಹ ಇಳಿದಿತ್ತು. ನಾಲ್ಕೂ ನಿಯಮಗಳು ಕೂಡಿದಲ್ಲಿ ಇನ್ನೂ ಚೆನ್ನಾಗಿ ಇಳಿದಿತ್ತು. ಇಳಿಕೆಯ ಪ್ರಮಾಣ ಮಾತ್ರ ಸಾಧಾರಣ. ಒಡನಾಟ ಪವಾಡ ಮಾಡುವುದಿಲ್ಲ, ಬಹುಪಾಲು ಸಲ ಒಂದಿಷ್ಟು ಕೆಲಸ ಮಾಡುತ್ತದೆ, ಅಷ್ಟೆ. ಮುಂದೆ ನಾನು ಹೇಳುವುದನ್ನೆಲ್ಲ ಈ ಮಿತಿಯೊಳಗೇ ಕೇಳಬೇಕೆಂದು ಕೋರುತ್ತೇನೆ.

ನಮ್ಮ ಸೀಮೆಯ ಒಡನಾಟಗಳನ್ನು ಈ ನಾಲ್ಕು ನಿಯಮಗಳಿಗೆ ಹಚ್ಚಿ ನೋಡೋಣ. ಅಂಗಡಿಯವನಿಗೂ ಗಿರಾಕಿಗೂ ಇರುವುದು ವ್ಯವಹಾರ. ಅದು ಚೊಕ್ಕವಾಗಿ ನಡೆದರೆ ಸಾಕು, ಒಬ್ಬರ ಮನೆಯ ಸುಖದುಃಖ ಇನ್ನೊಬ್ಬರಿಗೆ ತಿಳಿಯಬೇಕಿಲ್ಲ. ಖಣಿಯ ಮಾಲಕನಿಗೂ ಕಲ್ಲು ಏಳಿಸುವವನಿಗೂ ದರ್ಜೆ ಒಂದಲ್ಲ. ಪಕ್ಕದ ಓಣಿಯವರು ಪಕ್ಕದ ಓಣಿಯಲ್ಲೇ ಇರುತ್ತಾರೆ. ಮದುವೆಗೆ ಕರೆಯುತ್ತಾರೆ, ಅಡುಗೆ ಬೇರೆ ಮಾಡಿಸುತ್ತಾರೆ. ಶಹಾಬಾದ ಕಲ್ಲಿನ ಪದರುಗಳು ಒಂದರ ಮೇಲೊಂದು ಕೂತಿದ್ದರೂ ಒಂದಕ್ಕೊಂದು ಬೆಸೆಯದಂತೆ ನಮ್ಮ ಈ ನೆರೆಹೊರೆ. ಕಾರ್ಖಾನೆಯ ಕತೆ ಸ್ವಲ್ಪ ಬೇರೆ ಇತ್ತು. ಹತ್ತು ಕಂಪನಿಗಳು ಕೂಡಿ 1936ರಲ್ಲಿ ಎ.ಸಿ.ಸಿ. ಆಯಿತು. ಅದರ ಶಹಾಬಾದ ಕಾರ್ಖಾನೆಯಲ್ಲಿ, 1968ರಲ್ಲಿ ಶುರುವಾದ ವಾಡಿ ಕಾರ್ಖಾನೆಯಲ್ಲಿ ಒಂದೇ ಪಾಳಿ, ಒಂದೇ ಪಗಾರದ ಪಟ್ಟಿ, ಒಂದೇ ಯೂನಿಯನ್ನು ಜನರನ್ನು ಕೂಡಿಸಿದವು. ಶಹಾಬಾದಿನ ಹಳೆಯ ಸಿಮೆಂಟು ಕಾರ್ಖಾನೆ ನಿಂತುಹೋಗಿದೆ. ಇರುವ ಕಾರ್ಖಾನೆಗಳಲ್ಲಿ ಯಂತ್ರ ಹೆಚ್ಚಿ ಕಾಯಂ ಕಾರ್ಮಿಕರು ಕಡಿಮೆಯಾದರು. ಗುತ್ತಿಗೆಯ ಕೆಲಸದಲ್ಲಿ ಇಂದು ಜೊತೆಗಿದ್ದವರು ನಾಳೆ ಇರುವ ಖಾತ್ರಿಯಿಲ್ಲ, ಸ್ನೇಹ ಬೆಳೆಯಲು ಬೇಕಾದ ವರ್ಷಗಳು ಅಲ್ಲಿ ಸಿಗುವುದಿಲ್ಲ.

ಮೊಹರಂ ಇದೆಯಲ್ಲ ಎಂದು ನೀವು ಕೇಳುತ್ತೀರಿ. ಕೇಳಲೇಬೇಕು, ಯಾಕೆಂದರೆ ಕಲ್ಯಾಣ ಕರ್ನಾಟಕದ ಹೆಮ್ಮೆಗಳಲ್ಲಿ ಅದು ದೊಡ್ಡದು. ಕ್ರಿ.ಶ. 680ರಲ್ಲಿ ಕರ್ಬಲಾದಲ್ಲಿ ಹುಸೇನರು ಹುತಾತ್ಮರಾದ ದುಃಖವನ್ನು ನಮ್ಮ ಹಳ್ಳಿಗಳು ತಮ್ಮದೇ ದುಃಖವೆಂಬಂತೆ ಆಚರಿಸುತ್ತವೆ. ಅಲಾಯಿ ಕುಣಿ (ಬೆಂಕಿಯ ಗುಂಡಿ) ತೋಡುವವರು, ದೇವರು ಹಿಡಿಯುವವರು, ಹರಕೆ ಹೊತ್ತು ಫಕೀರರಾಗುವವರು ಹಲವು ಕಡೆ ಹಿಂದೂಗಳೇ. ಒಂದೂ ಮುಸ್ಲಿಂ ಮನೆ ಇಲ್ಲದ ಊರಲ್ಲೂ ಪಂಜಾ ಕೂಡುತ್ತದೆ. ರಿವಾಯತ್ ಪದಗಳನ್ನು ಹಾಡುವ ಮೇಳಗಳಲ್ಲಿ ಜಾತಿ ಕೇಳುವವರಿಲ್ಲ. ಸಂಶೋಧಕ ರಹಮತ್ ತರೀಕೆರೆಯವರು ಇದನ್ನೆಲ್ಲ ಊರೂರು ತಿರುಗಿ ದಾಖಲಿಸಿದ್ದಾರೆ. ಕಲಬುರಗಿಯ ಸೂಫಿ ಸಂತ ಬಂದೇನವಾಜರ ದರ್ಗಾಕ್ಕೆ ನಡೆದುಕೊಳ್ಳುವ ಹಿಂದೂ ಮನೆತನಗಳೂ ಎಷ್ಟೋ ಇವೆ. ಈ ಪರಂಪರೆಯನ್ನು ನಾನು ಕಡೆಗಣಿಸುತ್ತಿಲ್ಲ. ದೇವರ ಎದುರಿನ ಈ ಸಮಾನತೆಯಿಂದ ಮನುಷ್ಯರ ನಡುವಿನ ಅರಿವು ತಾನಾಗಿ ಹುಟ್ಟುತ್ತದೆಯೇ ಎಂಬಲ್ಲಿ ನನಗೆ ಸಂದೇಹ. ಮೊಹರಂನಲ್ಲಿ ಪ್ರತಿಯೊಬ್ಬರಿಗೂ ಗೊತ್ತಾದ ಪಾತ್ರವಿದೆ, ಗೊತ್ತಾದ ಹತ್ತು ದಿನವಿದೆ. ಆ ಪಾತ್ರದಾಚೆಗಿನ ಮುಸ್ಲಿಮನನ್ನು, ಅಂದರೆ ಗಣಿತ ಬಾರದೆ ಒದ್ದಾಡುವ, ಕ್ರಿಕೆಟ್ಟಿನಲ್ಲಿ ಜಗಳ ಕಾಯುವ, ತಂಗಿಯ ಓದಿಗಾಗಿ ಅಪ್ಪನೊಡನೆ ವಾದಕ್ಕಿಳಿಯುವ ಮುಸ್ಲಿಮನನ್ನು ಅಲ್ಲಿ ಕಾಣಲಾಗದು. ಜೊತೆಗೆ, ಪಂಜಾವನ್ನು ಶ್ರದ್ಧೆಯಿಂದ ಹೊರುವವನೇ ಮರುದಿನ ಬಾಡಿಗೆ ಮನೆ ಕೇಳಿ ಬಂದ ಮುಸ್ಲಿಂ ಕುಟುಂಬಕ್ಕೆ ಇಲ್ಲವೆನ್ನಬಹುದು. ಎರಡೂ ಅವನ ಮನಸ್ಸಿನಲ್ಲಿ ಬೇರೆ ಬೇರೆ ಖಾತೆಗಳು.

ಇತಿಹಾಸ ಈ ಸಂದೇಹವನ್ನು ಇನ್ನಷ್ಟು ಕಠೋರವಾಗಿ ಮುಂದಿಡುತ್ತದೆ. ನಿಜಾಮರ ಪರ ನಿಂತ ರಜಾಕಾರ ಪಡೆಯ ಕಾಲದಲ್ಲಿ ಈ ಭಾಗದ ಹಿಂದೂಗಳು ಉಂಡ ಸಂಕಟ, ಊರು ಬಿಟ್ಟು ಗಡಿಯಾಚೆಯ ಶಿಬಿರಗಳಿಗೆ ಓಡಿದ್ದು ಮನೆಮನೆಯ ನೆನಪಿನಲ್ಲಿದೆ. 1948ರ ಸೆಪ್ಟೆಂಬರ್ 13ರಿಂದ 17ರವರೆಗೆ ಹೈದರಾಬಾದ್ ಸಂಸ್ಥಾನದ ಮೇಲೆ ಭಾರತ ನಡೆಸಿದ ಪೊಲೀಸ್ ಕಾರ್ಯಾಚರಣೆಯ ಬೆನ್ನಿಗೆ ಮುಸ್ಲಿಮರ ಮೇಲೆ ನಡೆದದ್ದು ಅಷ್ಟಾಗಿ ಮಾತಿಗೆ ಬಂದಿಲ್ಲ. ಕೇಂದ್ರ ಸರ್ಕಾರ ಕಳಿಸಿದ ಪಂಡಿತ ಸುಂದರಲಾಲ್ ಸಮಿತಿ ಆ ವರ್ಷದ ಕೊನೆಯಲ್ಲಿ ಸಂಸ್ಥಾನವನ್ನು ಸುತ್ತಿ, ಸತ್ತವರ ಸಂಖ್ಯೆ 27,000ದಿಂದ 40,000 ಇರಬಹುದೆಂದು ಅಂದಾಜಿಸಿತು. ಹೆಚ್ಚು ಹಾನಿಯಾದ ನಾಲ್ಕು ಜಿಲ್ಲೆಗಳಲ್ಲಿ ಉಸ್ಮಾನಾಬಾದ, ಬೀದರ, ನಾಂದೇಡದ ಜೊತೆ ನಮ್ಮ ಗುಲಬರ್ಗವೂ, ಅಂದರೆ ಇಂದಿನ ಕಲಬುರಗಿಯೂ ಇತ್ತು. ವರದಿ ಬಹುಕಾಲ ಬೆಳಕು ಕಾಣಲಿಲ್ಲ. ಆಗಲೂ ಇಲ್ಲಿ ಅಲಾಯಿ ಆಡುತ್ತಿದ್ದರು, ಉರುಸಿಗೆ ಹೋಗುತ್ತಿದ್ದರು, ಒಂದೇ ಬಾವಿಯ ಆಸುಪಾಸಿನಲ್ಲಿ ಬದುಕುತ್ತಿದ್ದರು. ನೆರೆಹೊರೆಯ ಪರಿಚಯವೊಂದೇ ಕಾಪಾಡುವುದಾಗಿದ್ದರೆ ಅದು ನಡೆಯಬಾರದಿತ್ತು. ಇಷ್ಟಕ್ಕೇ ನಿಂತರೆ ಒಡನಾಟದ ವಾದವೇ ಮುಗಿಯಿತು ಎನ್ನಬಹುದು. ಆದರೆ ಅದೇ ವರದಿಯಲ್ಲಿ ಇನ್ನೊಂದು ಸಂಗತಿಯಿದೆ. ಮುಸ್ಲಿಮರಿಗೆ ಆಸರೆ ಕೊಟ್ಟು, ಕೆಲವೆಡೆ ಜೀವವನ್ನೂ ತೆತ್ತ ಹಿಂದೂಗಳಿದ್ದರು. ಕೆಲವು ಕಸುಬಿನವರಲ್ಲಿ ಈ ಒಗ್ಗಟ್ಟು ಎದ್ದು ಕಾಣುತ್ತಿತ್ತು. ಹಿಂದೂ ನೇಕಾರರು ತಮ್ಮ ಜೊತೆಯ ಮುಸ್ಲಿಂ ನೇಕಾರರ ಪರವಾಗಿ ಹಿಂದೂ ಗುಂಪುಗಳಿಗೇ ಎದುರು ನಿಂತರು ಎಂದು ಸಮಿತಿ ಹೇಳುತ್ತದೆ. ನೇಕಾರನಿಗೆ ನೇಕಾರ ಸಮಾನ. ಒಂದೇ ನೂಲಿನ ಅಭಾವ, ಒಂದೇ ಸಾಹುಕಾರನ ಸಾಲ, ಒಂದೇ ಪೇಟೆ. ಆಲ್‌ಪೋರ್ಟ್ ತಮ್ಮ ಗ್ರಂಥ ಬರೆಯುವ ಮೊದಲೇ ಅವರ ನಿಯಮಗಳಿಗೆ ಸಾಕ್ಷಿ ದೊರೆತದ್ದು ಈ ಸಂಸ್ಥಾನದ ನೆಲದಲ್ಲಿ ಎಂದರೆ ತಪ್ಪಾಗದು. ಮುಂದೆ 2002ರಲ್ಲಿ ರಾಜ್ಯಶಾಸ್ತ್ರಜ್ಞ ಅಶುತೋಷ್ ವಾರ್ಷ್ಣೇಯ ಭಾರತದ ಆರು ನಗರಗಳನ್ನು ಹೋಲಿಸಿ ತಲುಪಿದ ನಿಲುವೂ ಇದರ ಹತ್ತಿರವೇ ಇದೆ: ಹಳ್ಳಿಯಲ್ಲಿ ದಿನನಿತ್ಯದ ಒಡನಾಟ ಸಾಕಾಗಬಹುದು, ಊರು ಬೆಳೆದು ಪಟ್ಟಣವಾದಾಗ ಸಂಘ, ಯೂನಿಯನ್ನು, ವ್ಯಾಪಾರಿಗಳ ಕೂಟದಂಥ ಜಂಟಿ ಸಂಸ್ಥೆಗಳು ಇಲ್ಲದಿದ್ದರೆ ಗಾಳಿಸುದ್ದಿ ಗೆಲ್ಲುತ್ತದೆ. ಶಾಂತವಾಗಿದ್ದ ಕಲ್ಲಿಕೋಟೆಯಲ್ಲಿ ನಮ್ಮ ಮಕ್ಕಳು ಕೂಡಿ ಆಡುತ್ತಾರೆ ಎಂದವರು ಶೇ. 90ರಷ್ಟು, ಗಲಭೆಗೆ ಹೆಸರಾದ ಅಲಿಗಢದಲ್ಲಿ ಶೇ. 42 ಮಾತ್ರ.

ಮಕ್ಕಳ ಮಾತು ಬಂದಿತು. ತರಗತಿಯಲ್ಲಿ ಹಾಜರಿ ಪುಸ್ತಕ ಒಂದೇ, ಪರೀಕ್ಷೆ ಒಂದೇ, ಬೈಯುವ ಮಾಸ್ತರರೂ ಒಬ್ಬರೇ. ಮುಸ್ಲಿಂ ಹುಡುಗಿಯ ಉತ್ತರಪತ್ರಿಕೆಗೆ ಬೇರೆ ಅಳತೆಗೋಲಿಲ್ಲ. ಪ್ರಯೋಗಶಾಲೆಯ ಒಂದೇ ಮೇಜಿನಲ್ಲಿ ಇಬ್ಬರು ಸೇರಿ ಒಂದು ಪ್ರಯೋಗ ಮುಗಿಸಬೇಕು, ಖೋ ಖೋ ತಂಡಕ್ಕೆ ಓಡಬಲ್ಲವರು ಬೇಕು. ಸಮಾನ ದರ್ಜೆ, ಒಂದೇ ಗುರಿ, ಪರಸ್ಪರ ಅವಲಂಬನೆ, ಮೇಲಿನವರ ಒಪ್ಪಿಗೆ, ಈ ನಾಲ್ಕೂ ದಿನಕ್ಕೆ ಆರು ತಾಸು, ವರ್ಷಗಟ್ಟಲೆ ಸಿಗುವ ಜಾಗ ನಮ್ಮ ತಾಲೂಕುಗಳಲ್ಲಿ ಬೇರೊಂದಿದ್ದರೆ ತೋರಿಸಿ. ಇದು ಬರೀ ಊಹೆಯಲ್ಲ. ದೆಹಲಿಯ ಖಾಸಗಿ ಶಾಲೆಗಳು ಬಡ ಮಕ್ಕಳಿಗೂ ಸೀಟು ಕೊಡಬೇಕೆಂಬ ನಿಯಮ 2007ರಲ್ಲಿ ಬಂದ ಮೇಲೆ ಏನಾಯಿತೆಂದು ಅರ್ಥಶಾಸ್ತ್ರಜ್ಞ ಗೌತಮ್ ರಾವ್ ಪರಿಶೀಲಿಸಿ 2019ರಲ್ಲಿ ಪ್ರಕಟಿಸಿದರು. ಬಡ ಸಹಪಾಠಿಗಳಿದ್ದ ಶ್ರೀಮಂತ ಮಕ್ಕಳು ಹೆಚ್ಚು ಉದಾರಿಗಳಾದರು. ರಿಲೇ ಓಟಕ್ಕೆ ಜೊತೆಗಾರರನ್ನು ಆರಿಸುವಾಗ ಬಡವನೆಂದು ದೂರವಿಡುವುದು ಕಡಿಮೆಯಾಯಿತು. ಓದಿನಲ್ಲಿ ಇಂಗ್ಲಿಷಿನ ಅಂಕ ತುಸು ಇಳಿದದ್ದು ಬಿಟ್ಟರೆ ಹೇಳಿಕೊಳ್ಳುವ ನಷ್ಟವಾಗಲಿಲ್ಲ. ಅದರಲ್ಲೂ ಒಂದೇ ಓದಿನ ಗುಂಪಿಗೆ ಬಿದ್ದವರಲ್ಲಿ ಪರಿಣಾಮ ಹೆಚ್ಚು. ಆ ಅಧ್ಯಯನ ನೋಡಿದ್ದು ಬಡತನವನ್ನು, ಧರ್ಮವನ್ನಲ್ಲ. ಆದರೂ ಬೆಂಚಿನ ಶಕ್ತಿ ಎಲ್ಲಿದೆ ಎಂಬುದನ್ನು ಅದು ತೋರಿಸುತ್ತದೆ.

ಇನ್ನು ನಮ್ಮ ಬೆಂಚುಗಳಿಗೆ ಬರೋಣ. ನಿಜಾಮರ ಆಳ್ವಿಕೆಯಲ್ಲಿ ಹೈಸ್ಕೂಲಿನ ಓದು ಉರ್ದುವಿನಲ್ಲಿತ್ತು. 1918ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಮಾಧ್ಯಮವೂ ಉರ್ದುವೇ. ಚಿಂಚೋಳಿಯಲ್ಲಿ 1924ರಲ್ಲಿ ಹುಟ್ಟಿ ಎರಡು ಬಾರಿ ಮುಖ್ಯಮಂತ್ರಿಯಾದ ವೀರೇಂದ್ರ ಪಾಟೀಲರು, ಕಾವ್ಯಾನಂದರೆಂದು ಹೆಸರಾದ ಸಿದ್ಧಯ್ಯ ಪುರಾಣಿಕರು ಉಸ್ಮಾನಿಯಾದಲ್ಲಿ ಓದಿದವರು. ಉರ್ದು ಗಜಲಿನ ಸೊಗಸನ್ನು ಕನ್ನಡಕ್ಕೆ ಇಳಿಸಿದ ಶಾಂತರಸರು ಅದೇ ಸಂಸ್ಥಾನದ ಮಣ್ಣಿನವರು. ನೆರೆಯವನು ಯಾವ ಪದ್ಯಕ್ಕೆ ತಲೆದೂಗುತ್ತಾನೆ, ಯಾವ ಮಾತಿಗೆ ನಗುತ್ತಾನೆ ಎಂದು ಆ ತಲೆಮಾರಿಗೆ ಗೊತ್ತಿತ್ತು. ಅದನ್ನು ಸುವರ್ಣಯುಗವೆಂದು ಹಾಡಲು ನಾನು ಸಿದ್ಧನಿಲ್ಲ. ಕನ್ನಡದ ಹುಡುಗ ಇನ್ನೊಬ್ಬರ ಭಾಷೆಯ ಕೆಳಗೆ ಕೂತು ಕಲಿತ ಕಾಲ ಅದು. ಸಮಾನ ದರ್ಜೆ ಎಂಬ ಮೊದಲ ನಿಯಮವೇ ಅಲ್ಲಿ ತಪ್ಪಿತ್ತು, ಕನ್ನಡದ ಶಾಲೆಗಾಗಿ ಜನ ಹೋರಾಡಿದ್ದು ನ್ಯಾಯ. 1956ರ ನವೆಂಬರ್ 1ರ ಏಕೀಕರಣದ ನಂತರ ಸರ್ಕಾರಿ ಶಿಕ್ಷಣ ಕನ್ನಡದ್ದಾಯಿತು, ಉರ್ದು ಮನೆಮಾತಿನವರಿಗೆ ಉರ್ದು ಮಾಧ್ಯಮದ ಸರ್ಕಾರಿ ಶಾಲೆಗಳು ಮುಂದುವರಿದವು. ಒಂದೊಂದನ್ನೇ ನೋಡಿದರೆ ಎರಡೂ ಸರಿ. ಕೂಡಿಸಿ ನೋಡಿದಾಗ ಮಾತ್ರ, ಯಾರೂ ಬಯಸದ ಒಂದು ಫಲ ಕಾಣುತ್ತದೆ: ಊರಿನ ಮಕ್ಕಳು ಆರನೆಯ ವರ್ಷದಲ್ಲೇ ಎರಡು ದಾರಿಯಾಗಿ, ಕೆಲವೊಮ್ಮೆ ಒಂದೇ ಕಂಪೌಂಡಿನ ಎರಡು ಬಾಗಿಲಾಗಿ ಒಡೆಯುತ್ತಾರೆ. ಹೈಸ್ಕೂಲಿನಲ್ಲೋ ಪಿ.ಯು.ಸಿ.ಯಲ್ಲೋ ಮತ್ತೆ ಸೇರುವ ಹೊತ್ತಿಗೆ ಒಬ್ಬರ ಬಗ್ಗೆ ಒಬ್ಬರು ಕೇಳಬೇಕಾದ್ದನ್ನೆಲ್ಲ ಮನೆಯಲ್ಲಿ, ಓಣಿಯಲ್ಲಿ, ಈಗೀಗ ಫೋನಿನಲ್ಲಿ ಕೇಳಿ ಮುಗಿಸಿರುತ್ತಾರೆ.

ಹಾಗಾದರೆ ಉರ್ದು ಶಾಲೆ ಮುಚ್ಚಿಬಿಡಿ ಎಂದು ಯಾರಾದರೂ ಹೇಳಬಹುದು. ನಾನು ಹೇಳುವುದಿಲ್ಲ. ಮಗು ತಾಯ್ನುಡಿಯಲ್ಲಿ ಕಲಿಯಲು ಅನುಕೂಲ ಮಾಡಿಕೊಡಬೇಕೆಂದು ಸಂವಿಧಾನದ 350ಎ ವಿಧಿ ರಾಜ್ಯಗಳಿಗೆ ಹೇಳುತ್ತದೆ. ಕನ್ನಡಕ್ಕಾಗಿ ಯಾವ ತತ್ತ್ವವನ್ನು ನಾವು ಹಿಡಿದೆವೋ ಅದನ್ನೇ ಉರ್ದುವಿಗೆ ನಿರಾಕರಿಸಲು ನಮಗೆ ಬಾಯಿಲ್ಲ. ಗಡಿಯಾಚೆ ಕಾಸರಗೋಡಿನಲ್ಲಿ, ಸೊಲ್ಲಾಪುರದ ಕಡೆ ಕನ್ನಡ ಶಾಲೆ ಉಳಿಸಿಕೊಡಿ ಎಂದು ಕೇಳುವವರೂ ನಾವೇ ತಾನೆ? ಅಲ್ಲದೆ ಒಡಕಿಗೆ ಉರ್ದು ಶಾಲೆಯನ್ನೇ ದೂರುವುದು ಅರ್ಧ ಸತ್ಯ. ಶುಲ್ಕ ಕಟ್ಟಬಲ್ಲ ಹಿಂದೂ ಮನೆಗಳು ಮಕ್ಕಳನ್ನು ಖಾಸಗಿ ಇಂಗ್ಲಿಷ್ ಶಾಲೆಗೆ ಕರೆದೊಯ್ದಾಗ ಸರ್ಕಾರಿ ಕನ್ನಡ ಶಾಲೆಯ ಬೆಂಚೂ ಬದಲಾಯಿತು. ಖಾಸಗಿ ಶಾಲೆಗಳಲ್ಲಿ ಬಡ ಮಕ್ಕಳಿಗೆ ಶಿಕ್ಷಣ ಹಕ್ಕು ಕಾಯ್ದೆ ಕೊಟ್ಟ ಶೇ. 25ರ ಪಾಲು ಸ್ವಲ್ಪ ಬೆರಕೆ ತರಬಹುದಿತ್ತು. 2014ರ ಸರ್ವೋಚ್ಚ ನ್ಯಾಯಾಲಯದ ತೀರ್ಪಿನಿಂದ ಅಲ್ಪಸಂಖ್ಯಾತ ಸಂಸ್ಥೆಗಳು ಅದರಿಂದ ಹೊರಗುಳಿದವು, 2019ರಲ್ಲಿ ರಾಜ್ಯವೇ ನಿಯಮ ತಿದ್ದಿ ಹತ್ತಿರದಲ್ಲಿ ಸರ್ಕಾರಿ ಶಾಲೆಯಿದ್ದರೆ ಖಾಸಗಿ ಸೀಟಿಲ್ಲ ಎಂದಿತು. ದೂರವಾದಷ್ಟೂ ಕಲ್ಪನೆ ಬೆಳೆಯುತ್ತದೆ. ಮುಸ್ಲಿಂ ಮಕ್ಕಳೆಲ್ಲ ಮದರಸಾದಲ್ಲೇ ಓದುತ್ತಾರೆಂದು ನಂಬಿದವರು ಬಹಳ. ಮುಸ್ಲಿಮರ ಸ್ಥಿತಿಗತಿ ಕುರಿತ 2006ರ ಸಾಚಾರ್ ವರದಿ ಕಂಡಂತೆ ಅಲ್ಲಿಗೆ ಹೋಗುವವರು ಶೇ. 3–4 ಮಾತ್ರ. ವರದಿ ಓದಿ ಈ ನಂಬಿಕೆ ಬಿಟ್ಟವರು ಎಷ್ಟು ಮಂದಿಯೋ! ಪಕ್ಕದಲ್ಲಿ ಕೂತವಳು ತನ್ನಂತೆಯೇ ವಿಜ್ಞಾನದ ಟ್ಯೂಶನ್ನಿಗೆ ಓಡುವುದನ್ನು ಕಂಡವಳಿಗೆ ಆ ವರದಿಯೇ ಬೇಕಿಲ್ಲ.

ಈಗ ಹೆಚ್ಚು ಗಟ್ಟಿಯಾದ ಆಕ್ಷೇಪ. ಮುಸ್ಲಿಂ ಗೆಳೆಯರಿದ್ದವರೂ ಮುಸ್ಲಿಮರ ಬಗ್ಗೆ ಕೆಟ್ಟ ಮಾತಾಡುತ್ತಾರಲ್ಲ. ನೀನು ಅವರಂಗಲ್ಲ ಬಿಡು ಎಂದು ಗೆಳೆಯನ ಬೆನ್ನು ತಟ್ಟಿಯೇ ಮಾತಾಡುತ್ತಾರಲ್ಲ. ನಿಜ, ಇದಕ್ಕೆ ಪ್ರಯೋಗದ ಆಧಾರವೂ ಇದೆ. ಐಸಿಸ್ ದಾಳಿಗೆ ಸಿಕ್ಕಿ ನೊಂದ ಇರಾಕಿನ ಕ್ರೈಸ್ತರ ಫುಟ್‌ಬಾಲ್ ತಂಡಗಳಲ್ಲಿ ಕೆಲವಕ್ಕೆ ಮುಸ್ಲಿಂ ಆಟಗಾರರನ್ನು ಸೇರಿಸಿ ಸಲ್ಮಾ ಮೂಸಾ ಎಂಬ ವಿದ್ವಾಂಸೆ ನಡೆಸಿದ ಅಧ್ಯಯನ 2020ರಲ್ಲಿ ಬಂತು. ಮಿಶ್ರ ತಂಡದಲ್ಲಿ ಆಡಿದ ಕ್ರೈಸ್ತರು ಮುಂದಿನ ಋತುವಿಗೂ ಮಿಶ್ರ ತಂಡವನ್ನೇ ಬಯಸಿದರು, ತಿಂಗಳುಗಳ ನಂತರವೂ ಮುಸ್ಲಿಮರೊಡನೆ ಅಭ್ಯಾಸ ನಡೆಸಿದರು. ಆದರೆ ಮೈದಾನದಾಚೆ, ಗುರುತಿಲ್ಲದ ಮುಸ್ಲಿಮರ ವಿಷಯದಲ್ಲಿ ಅವರ ನಡವಳಿಕೆ ಅಷ್ಟಾಗಿ ಬದಲಾಗಲಿಲ್ಲ. ಸ್ನೇಹ ವ್ಯಕ್ತಿಯಲ್ಲಿ ನಿಂತಿತು, ಸಮುದಾಯಕ್ಕೆ ಹರಿಯಲಿಲ್ಲ. ಇದು ನಿರಾಶೆಯ ಫಲಿತಾಂಶವೆಂದು ಹಲವರು ಓದುತ್ತಾರೆ. ನಾನು ಇದರಲ್ಲಿ ಒಂದು ಸೂಚನೆ ಕಾಣುತ್ತೇನೆ. ಗೆಳೆಯನೊಬ್ಬನನ್ನು ಅಪವಾದವೆಂದು ಬದಿಗಿಡುವುದು ಸುಲಭ. ಹತ್ತು ಮಂದಿ ಸಹಪಾಠಿಗಳನ್ನು, ಅವರಲ್ಲಿ ಜಾಣರನ್ನೂ ದಡ್ಡರನ್ನೂ ತುಂಟರನ್ನೂ ಸಂಕೋಚದವರನ್ನೂ ಕಂಡ ಮೇಲೆ ಹತ್ತೂ ಅಪವಾದ ಎನ್ನುವುದು ಕಷ್ಟ. ಜೊತೆಗೆ, ಗೆಳೆಯ ತನ್ನ ಧರ್ಮವನ್ನು ಬಾಗಿಲ ಹೊರಗೆ ಬಿಟ್ಟು ಬಂದರಷ್ಟೇ ಗೆಳೆತನ ಎಂಬ ಕರಾರಿದ್ದರೆ ಅವನ ಬಗೆಗಿನ ಪ್ರೀತಿ ಅವನ ಜನಕ್ಕೆ ತಲುಪುವ ದಾರಿಯೇ ಮುಚ್ಚುತ್ತದೆ. ರೋಜಾ ಇರುವ, ಶುಕ್ರವಾರದ ನಮಾಜಿಗೆ ಹೊರಡುವ ಹುಡುಗನಾಗಿಯೇ ಅವನು ನಮ್ಮ ಗೆಳೆಯನಾಗಬೇಕು. ಇನ್ನೊಂದು ಮಾತು: ಉತ್ತರ ಪ್ರದೇಶದ ಹಳ್ಳಿಗಳಲ್ಲಿ ಜಾತಿಗಳ ನಡುವೆ ಕ್ರಿಕೆಟ್ ಆಡಿಸಿ ಅರ್ಥಶಾಸ್ತ್ರಜ್ಞ ಮ್ಯಾಟ್ ಲೋ ಕಂಡುಕೊಂಡಂತೆ ಒಂದೇ ತಂಡದಲ್ಲಿ ಆಡಿದವರಲ್ಲಿ ಸ್ನೇಹ ಬೆಳೆಯಿತು, ಎದುರಾಳಿಗಳಾಗಿ ಆಡಿದವರಲ್ಲಿ ಬೆಳೆಯಲಿಲ್ಲ. ನಮ್ಮ ಓಣಿಗಳ ಕ್ರಿಕೆಟ್ ಟೂರ್ನಿಗಳಲ್ಲಿ ತಂಡಗಳು ಹೇಗೆ ಆಗುತ್ತವೆಂದು ನೆನೆದರೆ ಈ ವ್ಯತ್ಯಾಸದ ತೂಕ ತಿಳಿದೀತು.

ಉಡುಪಿಯ ಮಾತೆತ್ತದೆ ಈ ಉಪನ್ಯಾಸ ಪ್ರಾಮಾಣಿಕವಾಗದು. 2021ರ ಕೊನೆಗೆ ಅಲ್ಲಿನ ಕಾಲೇಜೊಂದರಲ್ಲಿ ಹುಟ್ಟಿದ ಹಿಜಾಬ್ ವಿವಾದ 2022ರ ಫೆಬ್ರುವರಿಯಲ್ಲಿ ರಾಜ್ಯಕ್ಕೆಲ್ಲ ಹಬ್ಬಿತು. ಕೇಸರಿ ಶಾಲು ಹಾಕಿ ಎದುರು ನಿಂತವರು ಸಹಪಾಠಿಗಳೇ ಅಲ್ಲವೇ, ಬೆಂಚು ಏನು ಮಾಡಿತು ಎಂಬ ಪ್ರಶ್ನೆ ನ್ಯಾಯವಾದದ್ದು. ಫೆಬ್ರುವರಿ 5ರಂದು ಸಮವಸ್ತ್ರ ಕುರಿತ ಸರ್ಕಾರದ ಆದೇಶ, ಮಾರ್ಚ್ 15ರಂದು ಹೈಕೋರ್ಟಿನ ತೀರ್ಪು, ಅಕ್ಟೋಬರ್ 13ರಂದು ಸರ್ವೋಚ್ಚ ನ್ಯಾಯಾಲಯದ ಇಬ್ಬರು ನ್ಯಾಯಮೂರ್ತಿಗಳ ಭಿನ್ನ ತೀರ್ಪು ಬಂದವು. ಸಮವಸ್ತ್ರದ ಬಗ್ಗೆ ಯಾರ ಅಭಿಪ್ರಾಯ ಏನೇ ಇರಲಿ, ನನ್ನ ವಿಷಯಕ್ಕೆ ಮುಖ್ಯವಾದದ್ದು ಬೇರೆ. ಕಾಲೇಜಿನ ಗೇಟೇ ವಿದ್ಯಾರ್ಥಿಗಳನ್ನು ಒಳಗಿನವರು ಹೊರಗಿನವರು ಎಂದು ವಿಂಗಡಿಸಿದಾಗ ಆಲ್‌ಪೋರ್ಟರ ನಾಲ್ಕನೆಯ ನಿಯಮ, ಸಂಸ್ಥೆಯ ಬೆಂಬಲ, ಕುಸಿಯಿತು. ಅದು ಕುಸಿದಾಗ ಹದಿನೇಳರ ಹುಡುಗರಲ್ಲಿ ಉಳಿದ ಮೂರು ನಿಯಮಗಳು ಎಷ್ಟು ದಿನ ನಿಂತಾವು? ಬೆಂಚಿನ ಸ್ನೇಹ ಗಟ್ಟಿಯೇ, ಆದರೆ ಅದಕ್ಕೆ ಗೋಡೆಯ ಆಸರೆ ಬೇಕು. ಮುಖ್ಯೋಪಾಧ್ಯಾಯರು, ಆಡಳಿತ ಮಂಡಳಿ, ಶಾಸಕರು ಆ ಗೋಡೆ.

ಕೊನೆಯ ಆಕ್ಷೇಪ ಮುಸ್ಲಿಮರ ಕಡೆಯಿಂದ ಬರುವಂಥದು, ನನ್ನ ಮಟ್ಟಿಗೆ ಎಲ್ಲಕ್ಕಿಂತ ಕಠಿಣವಾದದ್ದು. ನಿಮ್ಮ ಪೂರ್ವಗ್ರಹ ಕಳೆಯಲು ನಮ್ಮ ಮಗು ಯಾಕೆ ಪಾಠದ ಸಾಮಗ್ರಿಯಾಗಬೇಕು? ತರಗತಿಯಲ್ಲಿ ಇರುವ ಇಬ್ಬರು ಮುಸ್ಲಿಂ ಹುಡುಗರು ಬಾಂಬು ಸಿಡಿದ ಸುದ್ದಿ ಬಂದ ಮರುದಿನ, ಕ್ರಿಕೆಟ್ ಪಂದ್ಯದ ಮರುದಿನ ಇಡೀ ಸಮುದಾಯದ ಪರವಾಗಿ ಉತ್ತರಿಸುತ್ತಲೇ ಇರಬೇಕೇ? ಪೆಟಿಗ್ರೂ ಮತ್ತು ಟ್ರಾಪ್ ಅವರೇ ಗಮನಿಸಿದಂತೆ ಒಡನಾಟದಿಂದ ಬಹುಸಂಖ್ಯಾತರ ಮನಸ್ಸು ಬದಲಾದಷ್ಟು ಅಲ್ಪಸಂಖ್ಯಾತರದು ಬದಲಾಗುವುದಿಲ್ಲ. ಆಮೇಲಿನ ಸಂಶೋಧಕರು ಇನ್ನೂ ಕಟುವಾದ ಸಂಗತಿಯೊಂದನ್ನು ಎತ್ತಿದರು: ಸವಿಯಾದ ಒಡನಾಟ ಅಲ್ಪಸಂಖ್ಯಾತರಲ್ಲಿ ತಮಗಾಗುವ ಅನ್ಯಾಯದ ಅರಿವನ್ನೇ ಮಂಕು ಮಾಡಬಹುದು. ಈ ಆಕ್ಷೇಪವನ್ನು ನಾನು ಪೂರ್ತಿ ತಳ್ಳಿಹಾಕಲಾರೆ. ಹೇಳಬಲ್ಲದ್ದು ಇಷ್ಟು: ಇಬ್ಬರೇ ಇದ್ದರೆ ಪ್ರತಿನಿಧಿಗಳಾಗಬೇಕಾಗುತ್ತದೆ, ಹನ್ನೆರಡು ಮಂದಿ ಇದ್ದರೆ ವಿದ್ಯಾರ್ಥಿಗಳಾಗಿರಬಹುದು, ಜಿಲ್ಲೆಯಲ್ಲಿ ಐವರಲ್ಲೊಬ್ಬರಿರುವಾಗ ಹನ್ನೆರಡು ಮಂದಿ ಇರುವ ತರಗತಿ ಅಸಾಧ್ಯವೇನಲ್ಲ. ಒಡನಾಟ ನ್ಯಾಯಕ್ಕೆ ಬದಲಿಯೂ ಅಲ್ಲ. ಮನೆ ಬಾಡಿಗೆ, ಕೆಲಸ, ವಿದ್ಯಾರ್ಥಿವೇತನದ ಪ್ರಶ್ನೆಗಳು ಸ್ನೇಹದಿಂದ ತೀರುವುದಿಲ್ಲ, ಅವಕ್ಕೆ ಕಾನೂನು ಬೇಕು. 2019–20ರಲ್ಲಿ ದೇಶದ ಸುಮಾರು 30,000 ಜನರನ್ನು ಮಾತಾಡಿಸಿದ ಪ್ಯೂ ಸಂಸ್ಥೆಯ ಸಮೀಕ್ಷೆಯಲ್ಲಿ ಹಿಂದೂಗಳ ಪೈಕಿ ಶೇ. 86 ಮಂದಿ ತಮ್ಮ ಆಪ್ತ ಗೆಳೆಯರೆಲ್ಲರೂ ಅಥವಾ ಬಹುತೇಕರು ಹಿಂದೂಗಳೇ ಎಂದರು, ಶೇ. 36 ಮಂದಿ ಮುಸ್ಲಿಂ ನೆರೆಯವರು ಬೇಡ ಎಂದರು. ಎರಡನೆಯ ಅಂಕಿ ಇಳಿಯದೆ ಆ ಕಾನೂನಿಗೆ ಮತ ಎಲ್ಲಿಂದ ಬರಬೇಕು? ಮೊದಲನೆಯದು ಇಳಿಯದೆ ಎರಡನೆಯದು ಹೇಗೆ ಇಳಿಯಬೇಕು?

ಮಾಡಬಹುದಾದದ್ದು ದೊಡ್ಡದೇನೂ ಅಲ್ಲ. ಅಲ್ಪಸಂಖ್ಯಾತರ ಕಲ್ಯಾಣ ಇಲಾಖೆಯ ಮೊರಾರ್ಜಿ ದೇಸಾಯಿ ವಸತಿ ಶಾಲೆಗಳಲ್ಲಿ ಶೇ. 75 ಸೀಟು ಅಲ್ಪಸಂಖ್ಯಾತರಿಗೆ, ಶೇ. 25 ಉಳಿದವರಿಗೆ ಎಂಬ ನಿಯಮವಿದೆ, ಆ ಶೇ. 25 ಪ್ರತಿವರ್ಷ ತುಂಬುವಂತೆ ನೋಡಿಕೊಳ್ಳುವುದು ನಮ್ಮ ಕೈಯಲ್ಲಿದೆ, ಹಿಂದೂ ಹುಡುಗನೊಬ್ಬ ಅಲ್ಪಸಂಖ್ಯಾತನಾಗಿ ನಾಲ್ಕಾರು ವರ್ಷ ಉಂಡು ಮಲಗುವ ಅನುಭವ ಬೇರೆಲ್ಲೂ ಸಿಗದು. ಕನ್ನಡ ಮತ್ತು ಉರ್ದು ಶಾಲೆಗಳು ಒಂದೇ ಕಂಪೌಂಡಿನಲ್ಲಿರುವಲ್ಲಿ ಮಾಧ್ಯಮ ಬೇರೆಯೇ ಇರಲಿ. ಬಿಸಿಯೂಟ, ಪ್ರಾರ್ಥನೆ, ಆಟದ ಪಿರಿಯಡ್, ವಿಜ್ಞಾನದ ಪ್ರಯೋಗ, ಕನ್ನಡ ಭಾಷೆಯ ಪಾಠ ಒಟ್ಟಿಗೆ ನಡೆಯಲು ಅಡ್ಡಿಯೇನು? ಆಟದ ತಂಡಗಳನ್ನು ಶಾಲೆವಾರು ಮಾಡದೆ ಬೆರೆಸಿ ಕಟ್ಟಬೇಕು, ಪ್ರಯೋಗದ ಜೋಡಿಗಳನ್ನು ಮಕ್ಕಳ ಇಷ್ಟಕ್ಕೆ ಬಿಡದೆ ಹಾಜರಿ ಕ್ರಮದಲ್ಲಿ ಹಾಕಬೇಕು. ಇದಕ್ಕೆ ಬೆಂಗಳೂರಿನ ಆದೇಶ ಕಾಯಬೇಕಿಲ್ಲ. ಎರಡು ಶಾಲೆಗಳ ಶಾಲಾಭಿವೃದ್ಧಿ ಸಮಿತಿಗಳು (ಎಸ್.ಡಿ.ಎಂ.ಸಿ.) ಒಂದು ಮಧ್ಯಾಹ್ನ ಕೂಡಿ ಕೂತು ವೇಳಾಪಟ್ಟಿ ಹೊಂದಿಸಿದರೆ ಬರುವ ಜೂನ್ ತಿಂಗಳಿಂದಲೇ ಶುರುವಾಗಬಹುದು.